ದಕ್ಷಿಣದ ಕೂಡಾಟ: ಸದರ್ನ್ ರಾಕ್ ಮತ್ತು ಕಂಟ್ರಿ ರಾಕ್ ತಂಡಗಳ ಜೊತೆಪಯಣ

ಅಮೆರಿಕದ ಸೌತ್ ಕ್ಯಾರೊಲೈನಾ ರಾಜ್ಯದಲ್ಲಿ ಸ್ಪಾರ್ಟನ್‌ಬರ್ಗ್ ಎಂಬ ಹತ್ತಿಗಿರಣಿಗಳ ಊರಿದೆ. 1970ರ ದಶಕದ ಆರಂಭದಲ್ಲಿ ಅಲ್ಲಿನ ಆರು ಮಂದಿ ಯುವಕರು ಹಳೆಯ ಗೋದಾಮೊಂದನ್ನು ಬಾಡಿಗೆಗೆ ಹಿಡಿದು ಸಂಗೀತದ ಅಭ್ಯಾಸ ಮಾಡುತ್ತಿದ್ದರು. ತಂಡಕ್ಕೊಂದು ಹೆಸರು ಬೇಕಾಗಿತ್ತು. ಗೋದಾಮಿನ ಬೀಗದ ಕೈಯ ಮೇಲೆ 'ಮಾರ್ಷಲ್ ಟಕರ್' ಎಂದು ಬರೆದಿದ್ದುದು ಕಣ್ಣಿಗೆ ಬಿತ್ತು, ಅದನ್ನೇ ಇಟ್ಟುಕೊಂಡರು. ಆ ಹೆಸರಿನವರು ತಮ್ಮ ಊರಿನವರೇ ಆದ ಅಂಧ ಪಿಯಾನೊ ಶ್ರುತಿಗಾರರೆಂದೂ, ತಮಗಿಂತ ಮೊದಲು ಆ ಜಾಗವನ್ನು ಬಾಡಿಗೆಗೆ ಪಡೆದಿದ್ದರೆಂದೂ ಅವರಿಗೆ ತಿಳಿದದ್ದು ಆಮೇಲೆ. ಹೀಗೆ ಹುಟ್ಟಿದ ಮಾರ್ಷಲ್ ಟಕರ್ ಬ್ಯಾಂಡ್ ಇಂದಿನ ನನ್ನ ಮಾತಿಗೆ ಆಧಾರ. ಏಕೆಂದರೆ ಸದರ್ನ್ ರಾಕ್ ಎಲ್ಲಿ ಮುಗಿಯುತ್ತದೆ, ಕಂಟ್ರಿ ರಾಕ್ ಎಲ್ಲಿ ಶುರುವಾಗುತ್ತದೆ ಎಂದು ಯಾರಾದರೂ ಗೆರೆ ಎಳೆಯಹೊರಟರೆ, ಆ ಗೆರೆ ಈ ತಂಡದ ನಡುವೆಯೇ ಹಾದುಹೋಗುತ್ತದೆ.

ನಾನು ಇವರನ್ನು ಮೊದಲು ಕೇಳಿದ್ದು ಗೆಳೆಯರೊಬ್ಬರು ಪ್ರತಿ ಮಾಡಿಕೊಟ್ಟ ಕ್ಯಾಸೆಟ್‌ನಲ್ಲಿ. ಅದಕ್ಕೆ ಹೊದಿಕೆ ಇರಲಿಲ್ಲ, ಹೆಸರೂ ಇರಲಿಲ್ಲ. ಒಂದು ಬದಿಯಲ್ಲಿ ಮಾರ್ಷಲ್ ಟಕರ್, ಇನ್ನೊಂದು ಬದಿಯಲ್ಲಿ ಕ್ಯಾಲಿಫೋರ್ನಿಯಾದ ಪೋಕೊ ತಂಡ. ಎರಡೂ ಒಂದೇ ತಂಡವೆಂದು ನಾನು ವರ್ಷಗಟ್ಟಲೆ ನಂಬಿದ್ದೆ. ಸತ್ಯ ತಿಳಿದಾಗ ನಾಚಿಕೆಯಾಯಿತು. ಆದರೆ ಈ ತಂಡಗಳ ಪ್ರವಾಸದ ಚರಿತ್ರೆಯನ್ನು ಓದುತ್ತಾ ಹೋದಂತೆ, ನನ್ನ ಕಿವಿ ಅಷ್ಟೇನೂ ತಪ್ಪು ಹಾದಿ ಹಿಡಿದಿರಲಿಲ್ಲ ಎಂಬ ಧೈರ್ಯ ಬಂದಿದೆ. ಇಂದು ನಿಮ್ಮ ಮುಂದೆ ಮಂಡಿಸುವುದು ಅದನ್ನೇ: ಈ ಎರಡು ಪ್ರಕಾರಗಳನ್ನು ಬೇರ್ಪಡಿಸಿದ್ದು ಅಂಗಡಿಯ ಕಪಾಟು, ಒಂದುಗೂಡಿಸಿದ್ದು ರಸ್ತೆ.

ಮೊದಲು ಎರಡೂ ಕವಲುಗಳನ್ನು ಪರಿಚಯಿಸಬೇಕು. ಕಂಟ್ರಿ ರಾಕ್ ಬೆಳೆದದ್ದು ಮುಖ್ಯವಾಗಿ ಲಾಸ್ ಏಂಜಲೀಸ್‌ನಲ್ಲಿ. 1968ರಲ್ಲಿ ಬರ್ಡ್ಸ್ ತಂಡ ಗ್ರ್ಯಾಮ್ ಪಾರ್ಸನ್ಸ್ ಎಂಬ ತರುಣನನ್ನು ಸೇರಿಸಿಕೊಂಡು ನ್ಯಾಶ್‌ವಿಲ್‌ಗೆ ಹೋಗಿ ಧ್ವನಿಮುದ್ರಣ ಮಾಡಿತು. ಅದೇ ಮಾರ್ಚ್ 15ರಂದು ಕಂಟ್ರಿ ಸಂಗೀತದ ಗರ್ಭಗುಡಿಯೆನ್ನಬಹುದಾದ ಗ್ರ್ಯಾಂಡ್ ಓಲ್ ಆಪ್ರಿಯಲ್ಲಿ ಹಾಡಿತು. ಉದ್ದ ಕೂದಲಿನ ಈ ಹುಡುಗರನ್ನು ಅಲ್ಲಿನ ಸಭೆ ಒಪ್ಪಲಿಲ್ಲ, ಗೇಲಿಯ ಕೂಗುಗಳೂ ಎದ್ದವು. ಆಮೇಲೆ ಪಾರ್ಸನ್ಸ್ ಕಟ್ಟಿದ ಫ್ಲೈಯಿಂಗ್ ಬರೀಟೊ ಬ್ರದರ್ಸ್, ರಿಚಿ ಫ್ಯೂರೆ ಮತ್ತು ಜಿಮ್ ಮೆಸೀನಾ ಕಟ್ಟಿದ ಪೋಕೊ, 1971ರಲ್ಲಿ ಗಾಯಕಿ ಲಿಂಡಾ ರಾನ್‌ಸ್ಟಾಟ್ ಅವರ ಹಿನ್ನೆಲೆ ವಾದಕರಿಂದಲೇ ಮೂಡಿದ ಈಗಲ್ಸ್, ಇವೆಲ್ಲ ಆ ಕವಲಿನ ಕೊಂಬೆಗಳು. ಸದರ್ನ್ ರಾಕ್ ಎಂದು ಕರೆಸಿಕೊಂಡದ್ದು ಜಾರ್ಜಿಯಾ, ಫ್ಲಾರಿಡಾ, ಕ್ಯಾರೊಲೈನಾಗಳ ನೆಲದಲ್ಲಿ ಬ್ಲೂಸ್ ಮತ್ತು ಸೋಲ್ ಸಂಗೀತದ ಬೇರಿನಿಂದ ಚಿಗುರಿದ ಬಗೆ. ಆಲ್‌ಮನ್ ಬ್ರದರ್ಸ್ ಬ್ಯಾಂಡ್ 1969ರ ಮಾರ್ಚ್‌ನಲ್ಲಿ ಫ್ಲಾರಿಡಾದ ಜಾಕ್ಸನ್‌ವಿಲ್‌ನಲ್ಲಿ ರೂಪುಗೊಂಡಿತು. ಲಿನರ್ಡ್ ಸ್ಕಿನರ್ಡ್ ಕೂಡ ಅದೇ ಊರಿನದು.

ಇಲ್ಲಿ ಒಂದು ಸಂಗತಿಯನ್ನು ಗಮನಿಸಿ. ಕಂಟ್ರಿ ರಾಕಿನ ಆದಿಪುರುಷ ಎನಿಸಿಕೊಂಡ ಪಾರ್ಸನ್ಸ್ ಬೆಳೆದದ್ದು ಜಾರ್ಜಿಯಾದ ವೇಕ್ರಾಸ್‌ನಲ್ಲಿ, ಶಾಲೆಗೆ ಹೋದದ್ದು ಅದೇ ಜಾಕ್ಸನ್‌ವಿಲ್‌ನಲ್ಲಿ. ಈಗಲ್ಸ್‌ನ ಡಾನ್ ಫೆಲ್ಡರ್ ಫ್ಲಾರಿಡಾದ ಗೇನ್ಸ್‌ವಿಲ್‌ನ ಹುಡುಗ. ಕ್ಯಾಲಿಫೋರ್ನಿಯಾದ ಸಂಗೀತವೆಂದು ನಾವು ಕರೆಯುವುದರಲ್ಲಿ ದಕ್ಷಿಣದ ನೀರು ಮೊದಲೇ ಬೆರೆತಿತ್ತು.

ನಮ್ಮ ಯಕ್ಷಗಾನದಲ್ಲಿ ಎರಡು ಮಾತುಗಳಿವೆ. ಎರಡು ಮೇಳಗಳು ಅಕ್ಕಪಕ್ಕದ ರಂಗಸ್ಥಳಗಳಲ್ಲಿ ಪೈಪೋಟಿಯಿಂದ ಆಡಿದರೆ ಅದು ಜೋಡಾಟ. ಎರಡು ಮೇಳಗಳ ಕಲಾವಿದರು ಒಂದೇ ರಂಗದಲ್ಲಿ ಕೂಡಿ ಆಡಿದರೆ ಅದು ಕೂಡಾಟ. ಹೋಲಿಕೆಯನ್ನು ನಾನು ಮುಂದೆ ಎಳೆಯುವುದಿಲ್ಲ, ಮಾತುಗಳನ್ನಷ್ಟೇ ಎರವಲು ಪಡೆಯುತ್ತೇನೆ. ರಾಕ್ ಪ್ರಪಂಚದಲ್ಲಿ ಒಂದು ತಂಡ ಇನ್ನೊಂದಕ್ಕೆ 'ಓಪನಿಂಗ್' ಆಗಿ ಹೋಗುವುದು ಸಾಮಾನ್ಯವಾಗಿ ಜೋಡಾಟವೇ. ಮುಖ್ಯ ತಂಡದ ವಾದ್ಯಗಳು ವೇದಿಕೆಯನ್ನೆಲ್ಲ ತುಂಬಿರುತ್ತವೆ. ಮೊದಲ ತಂಡದವರು ಅವುಗಳ ಮುಂದೆ ಉಳಿದ ಕಿರುಜಾಗದಲ್ಲಿ ನಿಂತು, ಸಿಕ್ಕಷ್ಟೇ ಸಮಯದಲ್ಲಿ, ಇನ್ನೂ ಆಸನ ಹುಡುಕುತ್ತಿರುವ ಜನರ ಮುಂದೆ ತಮ್ಮನ್ನು ಸಾಬೀತುಪಡಿಸಬೇಕು. ದಕ್ಷಿಣದ ತಂಡಗಳು ಈ ಏರ್ಪಾಟನ್ನು ಕೂಡಾಟವನ್ನಾಗಿ ಮಾಡಿದವು. ಅದು ಹೇಗೆ ಸಾಧ್ಯವಾಯಿತು ಎಂಬುದರಲ್ಲಿ ನನಗೆ ಬಹಳ ಆಸಕ್ತಿ.

ಅದರ ಹಿಂದೆ ಸ್ನೇಹ ಮಾತ್ರವಲ್ಲ, ವ್ಯವಸ್ಥೆಯೂ ಇತ್ತು. ಜಾರ್ಜಿಯಾದ ಮೇಕನ್ ಪಟ್ಟಣದಲ್ಲಿ ಫಿಲ್ ವಾಲ್ಡನ್ ಎಂಬುವರು ಸೋಲ್ ಗಾಯಕ ಓಟಿಸ್ ರೆಡಿಂಗ್ ಅವರ ವ್ಯವಸ್ಥಾಪಕರಾಗಿದ್ದರು. 1967ರ ಡಿಸೆಂಬರ್ 10ರಂದು ರೆಡಿಂಗ್ ವಿಮಾನಾಪಘಾತದಲ್ಲಿ ತೀರಿಕೊಂಡರು. ಆ ಆಘಾತದ ನಂತರ, 1969ರಲ್ಲಿ, ವಾಲ್ಡನ್ ತಮ್ಮ ಸಹೋದರ ಮತ್ತು ಫ್ರ್ಯಾಂಕ್ ಫೆಂಟರ್ ಜೊತೆಗೂಡಿ ಕ್ಯಾಪ್ರಿಕಾರ್ನ್ ರೆಕಾರ್ಡ್ಸ್ ಸ್ಥಾಪಿಸಿದರು. ಅದೇ ಪಟ್ಟಣದಲ್ಲಿ ಅಲೆಕ್ಸ್ ಹಾಜಸ್ ನಡೆಸುತ್ತಿದ್ದ ಪ್ಯಾರಗಾನ್ ಏಜೆನ್ಸಿ ಕಾರ್ಯಕ್ರಮಗಳನ್ನು ಗೊತ್ತುಮಾಡುತ್ತಿತ್ತು. ಧ್ವನಿಮುದ್ರಣ, ನಿರ್ವಹಣೆ, ಕಾರ್ಯಕ್ರಮಗಳ ಬುಕಿಂಗ್ ಎಲ್ಲವೂ ಕೂಗಳತೆಯಲ್ಲಿ ಇದ್ದುದರಿಂದ, ಜನರನ್ನು ಸೆಳೆಯುವ ತಂಡದ ಜೊತೆಗೆ ಹೊಸ ತಂಡವೊಂದನ್ನು ಕಳುಹಿಸುವುದು ಒಂದು ಫೋನ್ ಕರೆಯಷ್ಟು ಸುಲಭವಾಗಿತ್ತು. ಮೇಕನ್‌ನ ಎಚ್ ಅಂಡ್ ಎಚ್ ಎಂಬ ಊಟದ ಮನೆಯ ಲೂಯೀಸ್ ಹಡ್ಸನ್, ಅಂದರೆ ಎಲ್ಲರ 'ಮಾಮಾ ಲೂಯೀಸ್', ಕೈಯಲ್ಲಿ ಕಾಸಿಲ್ಲದ ದಿನಗಳಲ್ಲಿ ಆಲ್‌ಮನ್ ತಂಡದವರಿಗೆ ಊಟ ಹಾಕಿದರು. ಒಂದೆರಡು ತಟ್ಟೆಗೆ ಸಾಲುವಷ್ಟೇ ಹಣ ಹಿಡಿದು ಬಂದ ಹುಡುಗರಿಗೆ ಎಲ್ಲರಿಗೂ ತಟ್ಟೆ ತುಂಬಿಸಿ ಕೊಟ್ಟರು. ಮುಂದೆ ತಂಡ ಅವರನ್ನು ಪ್ರವಾಸಕ್ಕೂ ಕರೆದೊಯ್ದಿತು. ಆ ಹುಡುಗರು ಬಿಳಿಯರು ಮತ್ತು ಕರಿಯರು ಕೂಡಿದ ತಂಡದವರು, ಉಣಬಡಿಸಿದಾಕೆ ಕಪ್ಪು ಮಹಿಳೆ, ಊರು ಜಾರ್ಜಿಯಾದ್ದು, ಕಾಲ ಮಾರ್ಟಿನ್ ಲೂಥರ್ ಕಿಂಗ್ ಅವರ ಕೊಲೆಯಾದ ಮರುವರ್ಷ. ಆ ತಟ್ಟೆಗಳನ್ನು ಈ ಹಿನ್ನೆಲೆಯಲ್ಲಿ ನೋಡಬೇಕೆಂದು ನನ್ನ ಕೋರಿಕೆ.

ಆಲ್‌ಮನ್ ತಂಡ 1970ರಲ್ಲಿ ಸುಮಾರು 300 ದಿನ ರಸ್ತೆಯಲ್ಲೇ ಕಳೆಯಿತು. ಅದೇ ವರ್ಷ ಫೆಬ್ರುವರಿಯಲ್ಲಿ ನ್ಯೂಯಾರ್ಕಿನ ಫಿಲ್‌ಮೋರ್ ಈಸ್ಟ್‌ನಲ್ಲಿ ಗ್ರೇಟ್‌ಫುಲ್ ಡೆಡ್ ತಂಡದ ಜೊತೆ ಒಂದೇ ಕಾರ್ಯಕ್ರಮಪಟ್ಟಿಯಲ್ಲಿ ನುಡಿಸಿದಾಗ, ಆಲ್‌ಮನ್ ಸಹೋದರರು ಡೆಡ್ ತಂಡದ ವೇದಿಕೆ ಏರಿ ಜೊತೆಗೂಡಿದರು. ಡೆಡ್ ತಂಡದಲ್ಲಿಯೇ ಇನ್ನೊಂದು ಕೂಡಾಟ ನಡೆದಿತ್ತು. ನ್ಯೂ ರೈಡರ್ಸ್ ಆಫ್ ದಿ ಪರ್ಪಲ್ ಸೇಜ್ ಎಂಬ ಕಂಟ್ರಿ ರಾಕ್ ತಂಡ ಅವರ ಪ್ರವಾಸದಲ್ಲಿ ಮೊದಲು ನುಡಿಸುತ್ತಿತ್ತು. ಆ ತಂಡದಲ್ಲಿ ಪೆಡಲ್ ಸ್ಟೀಲ್ ಗಿಟಾರಿನ ಮುಂದೆ ಕುಳಿತಿರುತ್ತಿದ್ದವರು ಸ್ವತಃ ಡೆಡ್ ತಂಡದ ಜೆರ್ರಿ ಗಾರ್ಸಿಯಾ. ಅದು ಮುಗಿದ ಮೇಲೆ ಎದ್ದು, ಮಾಮೂಲಿ ಗಿಟಾರು ಹೆಗಲಿಗೇರಿಸಿ, ತಮ್ಮ ತಂಡದ ಜೊತೆ ಗಂಟೆಗಟ್ಟಲೆ ನುಡಿಸುತ್ತಿದ್ದರು.

ಪೆಡಲ್ ಸ್ಟೀಲ್ ಎಂದೆ. ಈ ವಾದ್ಯವನ್ನು ಸ್ವಲ್ಪ ಹತ್ತಿರದಿಂದ ನೋಡಿದರೆ ಮುಂದಿನ ಮಾತು ಸುಲಭವಾಗುತ್ತದೆ. ಅದು ಮೇಜಿನಂತೆ ಕಾಲುಗಳ ಮೇಲೆ ನಿಲ್ಲುತ್ತದೆ, ಸಾಮಾನ್ಯವಾಗಿ ಒಂದು ಕುತ್ತಿಗೆಗೆ 10 ತಂತಿಗಳು. ವಾದಕ ಬಲಗೈಯಲ್ಲಿ ಮೀಟುತ್ತಾ, ಎಡಗೈಯ ಉಕ್ಕಿನ ಕಡ್ಡಿಯನ್ನು ತಂತಿಗಳ ಮೇಲೆ ಜಾರಿಸುತ್ತಾನೆ. ಪಾದದಡಿ ಪೆಡಲುಗಳು, ಮಂಡಿಗಳ ಬಳಿ ಸನ್ನೆಕೋಲುಗಳು. ಪೆಡಲನ್ನು ಒತ್ತಿದಾಗ ಗೊತ್ತಾದ ತಂತಿಯ ಸ್ವರ ಮಾತ್ರ ಮೇಲೇರುತ್ತದೆ, ನೆರೆಯ ತಂತಿ ಇದ್ದಲ್ಲೇ ಇರುತ್ತದೆ. ನಮ್ಮ ಕಿವಿಗೆ ಜಾರು ಗೊತ್ತು. ಆದರೆ ಒಂದು ಸ್ವರ ನಿಂತಿರುವಾಗಲೇ ಅದರ ಪಕ್ಕದ ಸ್ವರ ಜಾರಿ ಬಂದು ಅದರೊಂದಿಗೆ ಕೂಡಿಕೊಳ್ಳುವ ಅನುಭವ ಬೇರೆಯೇ. ಕಂಟ್ರಿ ಸಂಗೀತದ ಅಳು ಎಂದು ಜನ ಹೇಳುವುದು ಇದನ್ನೇ. ಪೋಕೊ ತಂಡದ ರಸ್ಟಿ ಯಂಗ್ ಈ ವಾದ್ಯವನ್ನು ತಿರುಗುವ ಲೆಸ್ಲಿ ಸ್ಪೀಕರ್‌ಗೆ ಜೋಡಿಸಿ ಆರ್ಗನ್ನಿನಂತೆ ಮೊರೆಯಿಸುತ್ತಿದ್ದರು. ಕುಳಿತು ನುಡಿಸುವ ವಾದ್ಯ ಸಾವಿರಾರು ಜನರ ಸಭೆಯನ್ನು ತಲುಪಬೇಕಾದರೆ ಇಂಥ ಉಪಾಯ ಬೇಕಿತ್ತು.

ಈಗ ಸ್ವಲ್ಪ ಹೊತ್ತಿನ ಮುಂಚೆ ನೀವು ಕೇಳಿದ ಆಲ್‌ಮನ್ ತಂಡದ 'ರ್‍ಯಾಂಬ್ಲಿನ್ ಮ್ಯಾನ್' ಹಾಡಿನ ಕೊನೆಯ ಭಾಗವನ್ನು ನೆನಪಿಸಿಕೊಳ್ಳಿ. ಅಲ್ಲಿ ಪೆಡಲ್ ಸ್ಟೀಲ್ ಇಲ್ಲ. ಆದರೆ ಎರಡು ಗಿಟಾರುಗಳು ಒಂದೇ ಸಾಲನ್ನು ಒಂದಿಷ್ಟು ಅಂತರದಲ್ಲಿ, ಹೆಗಲಿಗೆ ಹೆಗಲು ತಾಗಿಸಿಕೊಂಡು ನುಡಿಸುತ್ತವೆ, ಹಳ್ಳಿಯ ಕುಣಿತಕ್ಕೆ ಇಬ್ಬರು ಪಿಟೀಲು ಬಾರಿಸುವವರು ಜೊತೆಗೂಡಿದ ಹಾಗೆ. ತಂಡದ ಗಿಟಾರಿಗ ಡಿಕಿ ಬೆಟ್ಸ್ ಬೆಳೆದದ್ದು ಅಂಥ ಸಂಗೀತದ ಮನೆಯಲ್ಲಿ. ಇನ್ನೊಬ್ಬ ಗಿಟಾರಿಗ ಡುವೇನ್ ಆಲ್‌ಮನ್ 1971ರ ಅಕ್ಟೋಬರ್ 29ರಂದು, ಬೇಸ್ ಗಿಟಾರಿಗ ಬೆರಿ ಓಕ್ಲಿ 1972ರ ನವೆಂಬರ್ 11ರಂದು, ಇಬ್ಬರೂ ಮೇಕನ್‌ನಲ್ಲೇ ಮೋಟಾರ್‌ಸೈಕಲ್ ಅಪಘಾತಗಳಲ್ಲಿ ತೀರಿಕೊಂಡ ಮೇಲೆ ತಂಡದ ಮುಂದಾಳುತನ ಬೆಟ್ಸ್ ಅವರ ಕಡೆಗೆ ಸರಿಯಿತು, ಸಂಗೀತದೊಳಗಿನ ಕಂಟ್ರಿ ಮುಖ ಹೊರಗೆ ಬಂತು. ಈ ಹಾಡು ತೀರಾ ಕಂಟ್ರಿಯಾಯಿತೆಂದು ತಂಡದೊಳಗೇ ಅಳುಕಿತ್ತು. 1973ರಲ್ಲಿ ಅದು ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ 2ನೆಯ ಸ್ಥಾನ ತಲುಪಿತು. ಧ್ವನಿಮುದ್ರಿಕೆಯಲ್ಲಿ ಎರಡನೆಯ ಗಿಟಾರು ಲೆಸ್ ಡ್ಯುಡೆಕ್ ಅವರದು. ಪ್ರವಾಸದಲ್ಲಿ ಎರಡನೆಯ ಗಿಟಾರಿಗನೇ ಇರಲಿಲ್ಲ, ಚಕ್ ಲೆವೆಲ್ ಎಂಬ 20ರ ಹರೆಯದ ಹುಡುಗ ಆ ಜಾಗವನ್ನು ಪಿಯಾನೊದಿಂದ ತುಂಬಿದರು.

ಮಾರ್ಷಲ್ ಟಕರ್ ಬ್ಯಾಂಡ್ ಆಲ್‌ಮನ್ ತಂಡದ ಜೊತೆ ಊರೂರು ಸುತ್ತಿದ್ದು ಇದೇ 1973ರಲ್ಲಿ, ತನ್ನ ಮೊದಲ ಆಲ್ಬಮ್ಮನ್ನು ಕ್ಯಾಪ್ರಿಕಾರ್ನ್ ಹೊರತಂದ ವರ್ಷ. ಮುಖ್ಯ ಗಿಟಾರಿಗ ಟಾಯ್ ಕಾಲ್ಡ್‌ವೆಲ್ ವಿಯೆಟ್ನಾಮ್ ಯುದ್ಧದಲ್ಲಿ ಗಾಯಗೊಂಡು ಮರಳಿದ ನೌಕಾಪದಾತಿ ಸೈನಿಕ. ಅವರು ಗಿಟಾರಿನ ಬಿಲ್ಲೆಯನ್ನು ಹಿಡಿಯದೆ ಬರಿಯ ಹೆಬ್ಬೆರಳಿನಿಂದ ಮೀಟುತ್ತಿದ್ದರು, ಅದರಿಂದ ನಾದದ ಅಂಚು ಮೃದುವಾಗಿ ದುಂಡಗಾಗುತ್ತಿತ್ತು. ಸ್ಟೀಲ್ ಗಿಟಾರೂ ಅವರದೇ. ತಮ್ಮ ಟಾಮಿ ಬೇಸ್ ಗಿಟಾರಿನಲ್ಲಿ, ಡಗ್ ಗ್ರೇ ಹಾಡುಗಾರಿಕೆಯಲ್ಲಿ, ಜೆರ್ರಿ ಯೂಬ್ಯಾಂಕ್ಸ್ ಕೊಳಲು ಮತ್ತು ಸ್ಯಾಕ್ಸಫೋನ್‌ನಲ್ಲಿ. ರಾಕ್ ತಂಡದಲ್ಲಿ ಕೊಳಲು! ಜಾಜ್‌ನತ್ತ ವಾಲುವ ಪಾಲ್ ರಿಡಲ್ ಅವರ ಡ್ರಮ್ಸ್ ಮೇಲೆ ಆ ಕೊಳಲು ತೇಲಿಬರುವಾಗ, ಇದು ಯಾವ ಪ್ರಕಾರ ಎಂದು ಕೇಳುವ ಮನಸ್ಸೇ ಆಗುವುದಿಲ್ಲ. ಇಂಥ ತಂಡ ರಾತ್ರಿಯಿಂದ ರಾತ್ರಿಗೆ ತನ್ನ ಪಾಲು ಮುಗಿಸಿ, ವೇದಿಕೆಯ ಪಕ್ಕದಲ್ಲಿ ನಿಂತು ಆಲ್‌ಮನ್ ತಂಡ ಒಂದು ಹಾಡನ್ನು ಇಪ್ಪತ್ತು, ಮೂವತ್ತು ನಿಮಿಷ ಹೇಗೆ ಬೆಳೆಸುತ್ತದೆ ಎಂಬುದನ್ನು ಕಾಣಬಹುದಾಗಿತ್ತು. ಗುರುಕುಲವೆಂದರೆ ಇದೇ ಅಲ್ಲವೆ? ಅವರ ಆಮೇಲಿನ ನೇರ ಧ್ವನಿಮುದ್ರಣಗಳನ್ನು ಕೇಳಿ, ಮೂರು ಮಾತಿನ ಕಂಟ್ರಿ ಹಾಡುಗಳು ಉದ್ದ ಉಸಿರನ್ನು ಪಡೆದಿರುವುದು ಗೊತ್ತಾಗುತ್ತದೆ.

ಆ ವರ್ಷ ಜುಲೈ 28ರಂದು ನ್ಯೂಯಾರ್ಕ್ ರಾಜ್ಯದ ವಾಟ್ಕಿನ್ಸ್ ಗ್ಲೆನ್‌ನ ಕಾರ್ ಪಂದ್ಯದ ಮೈದಾನದಲ್ಲಿ ಆಲ್‌ಮನ್ ತಂಡ, ಗ್ರೇಟ್‌ಫುಲ್ ಡೆಡ್ ಮತ್ತು 'ದಿ ಬ್ಯಾಂಡ್' ಎಂಬ ತಂಡ ಒಟ್ಟಿಗೆ ನುಡಿಸಿದವು. ನೆರೆದವರು ಸುಮಾರು 6,00,000 ಎಂಬ ಅಂದಾಜಿದೆ. ಕೊನೆಯಲ್ಲಿ ಮೂರೂ ತಂಡಗಳವರು ಒಂದೇ ವೇದಿಕೆಯಲ್ಲಿದ್ದರು. ಆದರೆ ಗಾತ್ರಕ್ಕಿಂತ ನನಗೆ ಮುಖ್ಯವೆನಿಸುವುದು ಆ ವರ್ಷದ ಕೊನೆಯ ರಾತ್ರಿ. ಡಿಸೆಂಬರ್ 31ರಂದು ಸ್ಯಾನ್ ಫ್ರಾನ್ಸಿಸ್ಕೊ ಬಳಿಯ ಕೌ ಪ್ಯಾಲೆಸ್‌ನಲ್ಲಿ ಬಿಲ್ ಗ್ರಹಮ್ ಏರ್ಪಡಿಸಿದ್ದ ಕಾರ್ಯಕ್ರಮದಲ್ಲಿ ಆಲ್‌ಮನ್ ಬ್ರದರ್ಸ್, ಮಾರ್ಷಲ್ ಟಕರ್, ಚಾರ್ಲಿ ಡೇನಿಯಲ್ಸ್ ಮೂವರೂ ಒಂದೇ ಪಟ್ಟಿಯಲ್ಲಿದ್ದರು. ಗಾರ್ಸಿಯಾ ಬಂದು ಸೇರಿಕೊಂಡರು. ಕಾರ್ಯಕ್ರಮ ರೇಡಿಯೊದಲ್ಲಿ ದೇಶಕ್ಕೆಲ್ಲ ಕೇಳಿಸಿತು. ದಕ್ಷಿಣದ ಮೂರು ತಂಡಗಳು ಪಶ್ಚಿಮ ಕರಾವಳಿಯಲ್ಲಿ ಒಂದೇ ಮನೆಯವರಂತೆ ಹೊಸ ವರ್ಷವನ್ನು ಬರಮಾಡಿಕೊಂಡವು.

ಚಾರ್ಲಿ ಡೇನಿಯಲ್ಸ್ ಅವರ ಬಗ್ಗೆ ನಿಲ್ಲದೆ ಮುಂದೆ ಹೋಗಲಾರೆ. ನಾರ್ತ್ ಕ್ಯಾರೊಲೈನಾದಲ್ಲಿ 1936ರಲ್ಲಿ ಹುಟ್ಟಿದವರು, ನ್ಯಾಶ್‌ವಿಲ್‌ನ ಸ್ಟುಡಿಯೊಗಳಲ್ಲಿ ದುಡಿದವರು, 1969ರಲ್ಲಿ ಬಾಬ್ ಡಿಲನ್ ಅವರ ಕಂಟ್ರಿ ಆಲ್ಬಮ್ಮಿನಲ್ಲಿ ನುಡಿಸಿದವರು. ಬರ್ಡ್ಸ್ ತಂಡಕ್ಕೆ ಬಾಗಿಲು ಮುಚ್ಚಿದ ಆ ನ್ಯಾಶ್‌ವಿಲ್‌ನಲ್ಲೇ, 1974ರ ಅಕ್ಟೋಬರ್ 4ರಂದು, ವಾರ್ ಮೆಮೋರಿಯಲ್ ಆಡಿಟೋರಿಯಮ್‌ನಲ್ಲಿ ತಮ್ಮ ಹೊಸ ಆಲ್ಬಮ್ಮಿಗೆ ಎರಡು ಹಾಡುಗಳನ್ನು ನೇರವಾಗಿ ಮುದ್ರಿಸಿಕೊಳ್ಳಲು ಅವರು ಸಂಗೀತ ಕಚೇರಿ ಇಟ್ಟರು. ಗೆಳೆಯರು ಬಂದರು. ಡಿಕಿ ಬೆಟ್ಸ್, ಟಾಯ್ ಕಾಲ್ಡ್‌ವೆಲ್ ವೇದಿಕೆ ಏರಿದರು. ನ್ಯಾಶ್‌ವಿಲ್ ಇರುವ ಟೆನೆಸಿ ರಾಜ್ಯದ ಅಡ್ಡಹೆಸರು 'ವಾಲಂಟಿಯರ್ ಸ್ಟೇಟ್'. ಹಾಗಾಗಿ ಅದು 'ವಾಲಂಟಿಯರ್ ಜ್ಯಾಮ್' ಎನಿಸಿಕೊಂಡಿತು, ಹಲವು ವರ್ಷ ನಡೆಯಿತು. ಇತ್ತ ಡೇನಿಯಲ್ಸ್ ಅವರ ಪಿಟೀಲು ಮಾರ್ಷಲ್ ಟಕರ್ ಆಲ್ಬಮ್ಮುಗಳಲ್ಲಿ ಕೇಳಿಸುತ್ತಿತ್ತು. ಒಬ್ಬರ ವಾದ್ಯ ಇನ್ನೊಬ್ಬರ ಮನೆಯಲ್ಲಿ ಇರುವುದು ಪ್ರವಾಸದ ಫಲ.

ಈ ಔದಾರ್ಯಕ್ಕೆ ಇನ್ನೊಂದು ಉದಾಹರಣೆ. ಫ್ಲಾರಿಡಾದ ಟ್ಯಾಂಪಾದಿಂದ ಬಂದ ಔಟ್‌ಲಾಸ್ ತಂಡದ ಗಾಯನ ಕಂಟ್ರಿ ರಾಕಿನದು, ಗಿಟಾರುಗಳ ಆರ್ಭಟ ಸದರ್ನ್ ರಾಕಿನದು. 1974ರಲ್ಲಿ ಜಾರ್ಜಿಯಾದ ಕೊಲಂಬಸ್‌ನಲ್ಲಿ ಅವರು ಲಿನರ್ಡ್ ಸ್ಕಿನರ್ಡ್‌ಗೆ ಮೊದಲ ತಂಡವಾಗಿ ನುಡಿಸಿದ ರಾತ್ರಿ, ಧ್ವನಿಮುದ್ರಣ ಕಂಪನಿಯ ಮುಖ್ಯಸ್ಥ ಕ್ಲೈವ್ ಡೇವಿಸ್ ಸಭೆಯಲ್ಲಿದ್ದರು. ಸ್ಕಿನರ್ಡ್ ತಂಡದ ಗಾಯಕ ರಾನಿ ವ್ಯಾನ್ ಜ್ಯಾಂಟ್ ತಮ್ಮ ಕಚೇರಿಯ ನಡುವೆಯೇ, ಮೈಕಿನಲ್ಲಿ, ಈ ಹುಡುಗರಿಗೆ ಒಪ್ಪಂದ ಕೊಡಬೇಕೆಂದು ಡೇವಿಸ್ ಅವರನ್ನು ಉದ್ದೇಶಿಸಿ ಹೇಳಿದರು. ಔಟ್‌ಲಾಸ್‌ನ ಮೊದಲ ಆಲ್ಬಮ್ 1975ರಲ್ಲಿ ಅವರ ಅರಿಸ್ಟಾ ಕಂಪನಿಯಿಂದಲೇ ಬಂತು. ಜನ ತನ್ನನ್ನು ನೋಡಲು ಬಂದಿರುವ ಹೊತ್ತಿನಲ್ಲಿ ಇನ್ನೊಬ್ಬರ ಪರ ಮಾತನಾಡುವುದು ದೊಡ್ಡ ಮನಸ್ಸಿನ ಕೆಲಸ.

ಪ್ರವಾಸದ ಈ ಜಾಲ ರಾಜಕಾರಣಕ್ಕೂ ಒದಗಿತು. ಜಾರ್ಜಿಯಾದ ರಾಜ್ಯಪಾಲರಾಗಿದ್ದ ಜಿಮ್ಮಿ ಕಾರ್ಟರ್ 1976ರ ಅಧ್ಯಕ್ಷ ಚುನಾವಣೆಗೆ ನಿಂತಾಗ ಹೊರಗೆ ಅವರನ್ನು ಬಲ್ಲವರು ಕಡಿಮೆ. ಆಗಿನ ಹೊಸ ಕಾನೂನಿನಂತೆ 20 ರಾಜ್ಯಗಳಲ್ಲಿ ತಲಾ 5,000 ಡಾಲರ್ ಸಣ್ಣ ದೇಣಿಗೆಗಳನ್ನು ಕೂಡಿಸಿದ ಅಭ್ಯರ್ಥಿಗೆ ಸರಕಾರ ಸರಿಸಮ ಹಣ ಕೊಡುತ್ತಿತ್ತು. ಕಚೇರಿಯ ಟಿಕೆಟನ್ನು ದೇಣಿಗೆಯೆಂದು ಲೆಕ್ಕ ಹಿಡಿಯಬಹುದಾಗಿತ್ತು. 1975ರ ನವೆಂಬರ್‌ನಲ್ಲಿ ಪ್ರಾವಿಡೆನ್ಸ್ ನಗರದಲ್ಲಿ ಆಲ್‌ಮನ್ ತಂಡ ಅವರಿಗಾಗಿ ನುಡಿಸಿತು. ಮಾರ್ಷಲ್ ಟಕರ್ ಮತ್ತು ಚಾರ್ಲಿ ಡೇನಿಯಲ್ಸ್ ತಂಡಗಳೂ ಕೈಜೋಡಿಸಿದವು.

ಎಲ್ಲವೂ ಬೆಳಕಿನದೇ ಎಂದು ಹೇಳಿದರೆ ನಿಮಗೆ ಅನ್ಯಾಯ ಮಾಡಿದಂತೆ. ಜೇಮೋ ಎಂಬ ಕಪ್ಪು ಡ್ರಮ್ ವಾದಕರಿದ್ದ ಆಲ್‌ಮನ್ ತಂಡ ಯಾವ ದಕ್ಷಿಣವನ್ನು ಹಾಡುತ್ತಿತ್ತೋ, ಸ್ಕಿನರ್ಡ್ ತಂಡದ ಹಿಂದೆ ತೂಗುಹಾಕಿದ್ದ ಕಾನ್ಫೆಡರೇಟ್ ಬಾವುಟ ಬೇರೊಂದು ದಕ್ಷಿಣವನ್ನು ಸಾರುತ್ತಿತ್ತು. ಅಮೆರಿಕದ ಅಂತರ್ಯುದ್ಧದಲ್ಲಿ ಗುಲಾಮಗಿರಿಯನ್ನು ಉಳಿಸಲು ಹೋರಾಡಿದ ದಕ್ಷಿಣದ ರಾಜ್ಯಗಳ ಬಾವುಟವದು. ಅದು ಮಾರಾಟದ ಉಪಾಯವಾಗಿ ಬಂದರೂ ಅದರ ಕೆಳಗೆ ನಿಲ್ಲಲಾಗದ ಕೇಳುಗರು ಇದ್ದರು, ಅವರ ನೋವು ನಿಜ. ಆ ಸಂಗೀತವನ್ನು ನಾನು ಪ್ರೀತಿಸುತ್ತೇನೆ, ಆ ಬಾವುಟವನ್ನು ಒಪ್ಪುವುದಿಲ್ಲ.

ರಸ್ತೆ ಕೊಟ್ಟಂತೆ ಕಿತ್ತುಕೊಳ್ಳುವುದನ್ನೂ ಬಲ್ಲದು. 1975ರಲ್ಲಿ ಸ್ಕಿನರ್ಡ್ ತಂಡ 90 ದಿನಗಳಲ್ಲಿ 61 ಕಾರ್ಯಕ್ರಮ ಕೊಟ್ಟಿತು, ತಂಡದವರೇ ಅದಕ್ಕೆ ಚಿತ್ರಹಿಂಸೆಯ ಪ್ರವಾಸ ಎಂದು ಹೆಸರಿಟ್ಟರು. ಗಿಟಾರಿಗ ಎಡ್ ಕಿಂಗ್ ನಡುವೆಯೇ ಬಿಟ್ಟುಹೋದರು. 1977ರ ಅಕ್ಟೋಬರ್ 20ರಂದು ಸೌತ್ ಕ್ಯಾರೊಲೈನಾದ ಗ್ರೀನ್‌ವಿಲ್‌ನಿಂದ ಬ್ಯಾಟನ್ ರೂಜ್‌ಗೆ ಹೊರಟಿದ್ದ ಅವರ ಬಾಡಿಗೆ ವಿಮಾನ, ಇಂಧನ ಮುಗಿದು, ಮಿಸಿಸಿಪಿಯ ಗಿಲ್ಸ್‌ಬರ್ಗ್ ಬಳಿಯ ಕಾಡಿನಲ್ಲಿ ಬಿತ್ತು. ರಾನಿ ವ್ಯಾನ್ ಜ್ಯಾಂಟ್, ಸ್ಟೀವ್ ಗೇನ್ಸ್, ಅವರ ಅಕ್ಕ ಕ್ಯಾಸಿ ಗೇನ್ಸ್, ತಂಡದ ಸಹಾಯಕ ಡೀನ್ ಕಿಲ್ಪ್ಯಾಟ್ರಿಕ್, ಇಬ್ಬರು ಪೈಲಟ್‌ಗಳು, ಒಟ್ಟು 6 ಮಂದಿ ಹೋದರು. ಹೊಸ ಆಲ್ಬಮ್ ಅಂಗಡಿಗೆ ಬಂದು ಮೂರು ದಿನವಾಗಿತ್ತು. 1979ರಲ್ಲಿ ಕ್ಯಾಪ್ರಿಕಾರ್ನ್ ದಿವಾಳಿಯಾಯಿತು. 1980ರ ಏಪ್ರಿಲ್‌ನಲ್ಲಿ ಟಾಮಿ ಕಾಲ್ಡ್‌ವೆಲ್ ವಾಹನಾಪಘಾತದಲ್ಲಿ ತೀರಿಕೊಂಡರು.

ಆದರೂ ಜೊತೆಪಯಣ ನಿಲ್ಲಲಿಲ್ಲ. ಔಟ್‌ಲಾಸ್‌ನ ಹ್ಯೂಯಿ ಥಾಮಸನ್ 1996ರಲ್ಲಿ ಪುನರ್ರಚಿತ ಸ್ಕಿನರ್ಡ್ ಸೇರಿ ವರ್ಷಗಟ್ಟಲೆ ನುಡಿಸಿದರು. ಅದೇ ಔಟ್‌ಲಾಸ್‌ನ ಹೆನ್ರಿ ಪಾಲ್ 1990ರ ದಶಕದಲ್ಲಿ ಬ್ಲ್ಯಾಕ್‌ಹಾಕ್ ಎಂಬ ಅಪ್ಪಟ ಕಂಟ್ರಿ ತಂಡದ ಗಾಯಕರಾದರು. 2018ರಲ್ಲಿ ಸ್ಕಿನರ್ಡ್ ತಂಡ ವಿದಾಯದ ಹೆಸರಿನಲ್ಲಿ ಹೊರಟಾಗ ಬೇರೆ ಬೇರೆ ಊರುಗಳಲ್ಲಿ ಚಾರ್ಲಿ ಡೇನಿಯಲ್ಸ್ ಮತ್ತು ಮಾರ್ಷಲ್ ಟಕರ್ ಜೊತೆಗಿದ್ದರು. ಡಗ್ ಗ್ರೇ ಆಗಲೂ ಹಾಡುತ್ತಿದ್ದರು.

ನಾನು ಮತ್ತೆ ಮತ್ತೆ ಹಿಂದಿರುಗುವುದು 1979ರ ಜನವರಿಯ ವಾಲಂಟಿಯರ್ ಜ್ಯಾಮ್‌ಗೆ. ಅಪಘಾತದಲ್ಲಿ ಬದುಕುಳಿದ ಸ್ಕಿನರ್ಡ್ ಸದಸ್ಯರು ಅಲ್ಲಿ ಮತ್ತೆ ಜನರ ಮುಂದೆ ಬಂದರು. ಅವರಿಗೆ ಗಾಯಕನಿರಲಿಲ್ಲ. 'ಫ್ರೀ ಬರ್ಡ್' ಹಾಡನ್ನು ಅವರು ಚಾರ್ಲಿ ಡೇನಿಯಲ್ಸ್ ಮತ್ತು ಅವರ ತಂಡದವರ ಜೊತೆಗೂಡಿ, ಸಾಹಿತ್ಯವಿಲ್ಲದೆ, ಬರಿಯ ವಾದ್ಯಗಳಲ್ಲಿ ನುಡಿಸಿದರು. ಈಗ ಆ ಧ್ವನಿಮುದ್ರಣವನ್ನು ಹಾಕುತ್ತೇನೆ, ದಯವಿಟ್ಟು ಪೂರ್ತಿ ಕೇಳಿ.